ತುರ್ತಾಗಿ ಕೋವಿ ಬೇಕಾಗಿದೆ

ರಕ್ಷಣಾ ಸಚಿವಾಲಯದ ಖರೀದಿ ವಿಭಾಗದ ಮಾನ್ಯರೇ,

2025ರ ಡಿಸೆಂಬರ್ 30ರಂದು ತಾವು 4.25 ಲಕ್ಷಕ್ಕೂ ಹೆಚ್ಚು ಕಾರ್ಬೈನ್‌ಗಳ ಗುತ್ತಿಗೆಗೆ ಸಹಿ ಹಾಕಿದ್ದೀರಿ. ಅಭಿನಂದನೆಗಳು. ತಡಮಾಡಿದರೆ ಅಭಿನಂದಿಸಲು ಟೆಂಡರೇ ಉಳಿದಿರುವುದಿಲ್ಲ ಎಂಬ ಭಯ. 2018ರಲ್ಲಿ ಯುಎಇಯ ಕಾರಕಾಲ್ ಕಂಪನಿ ಎಲ್ಲರಿಗಿಂತ ಕಡಿಮೆ ದರ ಕೂಗಿ ಎಲ್-1 ಆಗಿತ್ತಲ್ಲ? 93,895 ಕಾರ್ಬೈನ್ ತುರ್ತಾಗಿ ಬೇಕು ಎಂದಿದ್ದಿರಿ. 2020ರಲ್ಲಿ ಆ ತುರ್ತು ವಾಸಿಯಾಯಿತು.

ಈ ಸಲ ಭಾರತ್ ಫೋರ್ಜ್‌ಗೆ ಶೇ 60 ಪಾಲು, ಎಲ್-2 ಆದ ಪಿಎಲ್‌ಆರ್‌ಗೆ 40. ನಮ್ಮೂರ ರಸ್ತೆ ಟೆಂಡರಿನಲ್ಲಿ ಎಲ್-2 ಆದವನು ಕೋರ್ಟಿಗೆ ಹೋಗುತ್ತಾನೆ. ತಮ್ಮ ವ್ಯವಸ್ಥೆಯೇ ವಾಸಿ.

ಆದರೂ ತಮ್ಮ ಮೇರುಕೃತಿ 2011ರ ಟೆಂಡರು. ಒಂದೇ ರೈಫಲ್, ಎರಡು ನಳಿಗೆ: ಯುದ್ಧಕ್ಕೆ 5.56 ಎಂಎಂ, ಉಗ್ರರಿಗೆ 7.62. ಜವಾನ ಬಂಡೆಯ ಮರೆಯಲ್ಲಿ ಕೂತು, ಎದುರಿಗಿರುವವನು ಯಾವ ಪೈಕಿ ಎಂದು ವಿಚಾರಿಸಿಕೊಂಡು, ನಳಿಗೆ ಬಿಚ್ಚಿ, ಇನ್ನೊಂದನ್ನು ಕೂರಿಸಿ, ಮ್ಯಾಗಜಿನ್ ಬದಲಿಸುವವರೆಗೆ ಆ ಪುಣ್ಯಾತ್ಮ ಸುಮ್ಮನೆ ಕಾಯಬೇಕು. ಬೆರೆಟಾ, ಕೋಲ್ಟ್, ಜೆಕ್‌ನವರು, ಇಸ್ರೇಲಿನವರು, ಪಾಪ, ಅದನ್ನೂ ಮಾಡಿಕೊಂಡು ಬಂದರು. ಹೆಣ್ಣು ನೋಡಲು ಹೋಗಿ ಉಪ್ಪಿಟ್ಟು, ಕೇಸರಿಬಾತ್ ಮುಗಿಸಿ 'ಊರಿಗೆ ಹೋಗಿ ತಿಳಿಸ್ತೀವಿ' ಎನ್ನುವವರಂತೆ 2015ರಲ್ಲಿ ತಾವು ಕೈ ತೊಳೆದು ಎದ್ದಿರಿ.

ಇನ್ಸಾಸ್ ರೈಫಲ್ ಕಾಲದಲ್ಲಿ 5.56 ಗುಂಡಿಗೆ ಒಂದು ಸೊಗಸಾದ ವಾದವಿತ್ತು: ಶತ್ರು ಗಾಯಗೊಂಡರೆ ಹೊರಲು ಇನ್ನಿಬ್ಬರು ಬೇಕು, ಒಂದೇ ಗುಂಡಿಗೆ ಮೂವರು ಖರ್ಚು. ಕಾರ್ಗಿಲ್ ಚಳಿಗೆ ಮ್ಯಾಗಜಿನ್ ಬಿರುಕು ಬಿಡುವುದು ಮಾತ್ರ ಆ ಲೆಕ್ಕಕ್ಕೆ ಸೇರಿರಲಿಲ್ಲ. ಆಮೇಲೆ ಗಾಯ ಸಾಲದು, ಸಾಯಲೇಬೇಕು ಎಂದಾಯಿತು. 2019ರಲ್ಲಿ ಅಮೆರಿಕದ ಸಿಗ್ ಸಾವರ್‌ನಿಂದ 72,400 ರೈಫಲ್ ತರಿಸಿದಿರಿ. ಅದೇ ವರ್ಷದ ಮಾರ್ಚ್‌ನಲ್ಲಿ ರಷ್ಯಾದ ಎಕೆ-203ಕ್ಕೆ ಅಮೇಠಿಯಲ್ಲಿ ಕಾರ್ಖಾನೆ ಉದ್ಘಾಟನೆ. ಬೆಲೆ ಕುದುರಿ 6 ಲಕ್ಷ ಚಿಲ್ಲರೆ ರೈಫಲ್‌ಗಳಿಗೆ ಸಹಿ ಬಿದ್ದಿದ್ದು 2021ರ ಡಿಸೆಂಬರ್‌ನಲ್ಲಿ. ಟೇಪು ಕತ್ತರಿಸುವುದರಲ್ಲಿ ನಾವು ಯಾವತ್ತೂ ಮುಂದು.

ಎರಡೂ 7.62 ಎಂಎಂ. ಆದರೆ ಸಿಗ್‌ನ ತೋಟಾದ ಕವಚ 51 ಎಂಎಂ ಉದ್ದ, ಎಕೆಯದು 39. ಒಂದರದು ಇನ್ನೊಂದಕ್ಕೆ ಹೋಗದು. ಈಗ ಬರುವ ಕಾರ್ಬೈನ್‌ಗೆ ಮತ್ತೆ 5.56. ಪೆಟ್ಟಿಗೆ ಒಡೆದು ಹಂಚಬೇಕಾದ ಹವಾಲ್ದಾರರಿಗೆ ಯಾವುದು ಯಾವುದಕ್ಕೆ ಎಂದು ಬರೆದ ಒಂದು ಚೀಟಿ ಕೊಡಿಸಬೇಕಾಗಿ ಪ್ರಾರ್ಥನೆ. ದಯವಿಟ್ಟು ಅದಕ್ಕೆ ಟೆಂಡರ್ ಕರೆಯಬೇಡಿ.

ಇಂತಿ,
ಎಲ್-1 ಹಾಕಿದ ರಸ್ತೆಯಲ್ಲೇ ದಿನಾ ಓಡಾಡುವ ಒಬ್ಬ ತೆರಿಗೆದಾರ