ತೆಂಗಿನಕಾಯಿ ರಾಶಿಯೂ ರೇಡರ್ ಪಟ್ಟಿಯೂ

ನಮ್ಮ ಮನೆಗೂ ಮೇಷ್ಟ್ರ ಮನೆಗೂ ನಡುವೆ ಎದೆಮಟ್ಟದ ಕಾಂಪೌಂಡ್ ಗೋಡೆಯೊಂದಿದೆ. ಗೋಡೆ ನನ್ನದು, ಅದರ ಮೇಲೆ ಒರಗಿರುವ ನುಗ್ಗೆಮರ ಅವರದು, ನುಗ್ಗೆಕಾಯಿ ಇಬ್ಬರದೂ. ನಮ್ಮೂರಿನ ಅರಿಶಿನಕುಂಟೆ ಅನ್ನುವ ಹೆಸರಿನಲ್ಲಿ ಅರಿಶಿನವೂ ಇದೆ, ಕುಂಟೆಯೂ ಇದೆ. ಕಿವಿಗೆ ಬೀಳುವುದು ಮಾತ್ರ ಹೆದ್ದಾರಿಯ ಲಾರಿ ಹಾರನ್ನು. ಆ ಹಾರನ್ನಿನ ನಡುವೆಯೇ ಬೆಳಗ್ಗೆ ಆರೂವರೆಗೆ ಮೇಷ್ಟ್ರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಗೋಡೆಗೆ ಮೊಣಕೈ ಊರಿದರೆ ನಮ್ಮ ಸಭೆ ಶುರುವಾದಂತೆ. ಅವರು ಪಿ.ಟಿ. ಮೇಷ್ಟ್ರಾಗಿದ್ದವರು, ಈಗಲೂ ಮಾತಾಡುವಾಗ ಕೈ ಸೀಟಿ ಹುಡುಕುತ್ತದೆ. ನಾನು ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಗಡಿಯಾರ ಜೋಡಿಸಿ ರಿಟೈರ್ ಆದವನು. ಅವರ ಬಾಯಲ್ಲಿ ನನ್ನ ಹೆಸರೇ ‘ಎಚ್‌ಎಂಟಿ’.

2025ರ ಗೌರಿ ಹಬ್ಬದ ಬೆಳಗ್ಗೆ ಅವರು ಬಂದವರೇ ಕೇಳಿದರು: “ಎಚ್‌ಎಂಟಿ, ವೈಡ್ ರಿಸೀವರ್ ಅಂದ್ರೆ ಏನ್ರೀ?”

“ಹಳೇ ಟೆಲಿಫೋನಿಂದಾ?”

“ಅಯ್ಯೋ, ಅಲ್ಲ ಕಣ್ರೀ. ಡಲ್ಲಾಸಿಂದ ಮೊಮ್ಮಗ ಫೋನ್ ಮಾಡಿದ್ದ. ಅವರ ಆಫೀಸಲ್ಲಿ ಹನ್ನೆರಡು ಜನ ಸೇರ್ಕೊಂಡು ಫುಟ್‌ಬಾಲ್ ಆಟಗಾರರನ್ನ ಹಂಚ್ಕೋತಾರಂತೆ. ‘ತಾತ, ನೀನು ಪಿ.ಟಿ. ಮೇಷ್ಟ್ರಲ್ವಾ, ವೈಡ್ ರಿಸೀವರ್‌ಗಳನ್ನ ಯಾವ ಆರ್ಡರಲ್ಲಿ ಬರ್ಕೊಳ್ಲಿ ಹೇಳು’ ಅಂತಾನೆ. ನಾನು ಹೂಂ ಅಂದುಬಿಟ್ಟೆ.”

ಗೊತ್ತಿಲ್ಲ ಅಂತ ಒಪ್ಪಿಕೊಳ್ಳುವ ಜಾಯಮಾನ ಮೇಷ್ಟ್ರದಲ್ಲ. ರಾತ್ರಿಯೆಲ್ಲ ಮೊಬೈಲು ನೋಡಿ, ಒಂದು ಲಗ್ನಪತ್ರಿಕೆಯ ಹಿಂಬದಿಯಲ್ಲಿ ಲೆಕ್ಕ ಬರೆದುಕೊಂಡೇ ಬಂದಿದ್ದರು. ಅವರು ತಿಳಿಸಿದ್ದು ಇಷ್ಟು. ಅಮೆರಿಕದ ಫುಟ್‌ಬಾಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಅನ್ನುವವನು ಚೆಂಡು ಎಸೆಯುತ್ತಾನೆ. ಮೈದಾನದ ಅಂಚಿನಲ್ಲಿ ನಿಂತಿದ್ದವನೊಬ್ಬ, ಎದುರಾಳಿಯನ್ನು ಯಾಮಾರಿಸಿ ಓಡಿ ಅದನ್ನು ಹಿಡಿಯುತ್ತಾನೆ. ಅವನೇ ವೈಡ್ ರಿಸೀವರ್. ಮೊಮ್ಮಗನ ಗುಂಪಿನ ಲೆಕ್ಕದಲ್ಲಿ ಹಿಡಿದ ಪ್ರತಿ ಚೆಂಡಿಗೆ ಒಂದು ಪಾಯಿಂಟು, ಹತ್ತು ಗಜಕ್ಕೆ ಒಂದು, ಗೆರೆ ದಾಟಿ ಟಚ್‌ಡೌನ್ ಮಾಡಿದರೆ ಆರು.

“2024ರಲ್ಲಿ ಜಮಾರ್ ಚೇಸ್ ಅನ್ನೋನು 127 ಚೆಂಡು ಹಿಡಿದು, 1,708 ಗಜ ಓಡಿ, 17 ಸಲ ಗೆರೆ ದಾಟಿದಾನೆ. ನೀವೇ ಕೂಡಿ.”

ಕೂಡಿದೆ. 399.8 ಬಂತು. ಒಬ್ಬ ಮನುಷ್ಯನ ಒಂದು ವರ್ಷದ ಬೆವರು ದಶಾಂಶ ಸಹಿತ ಗೋಡೆಯ ಮೇಲೆ ಕೂತಿತ್ತು. ಗಡಿಯಾರದವನಾದ ನನಗೆ ಆ ದಶಾಂಶ ಬಹಳ ಹಿಡಿಸಿತು.

ಆಟಗಾರರನ್ನು ಹಂಚಿಕೊಳ್ಳುವ ಈ ಹುಚ್ಚು ಶುರುವಾಗಿದ್ದು 1962ರಲ್ಲಿ, ನ್ಯೂಯಾರ್ಕಿನ ಹೋಟೆಲೊಂದರಲ್ಲಂತೆ. ಬಿಲ್ ವಿಂಕೆನ್‌ಬಾಕ್ ಎಂಬಾತ ಜೊತೆಗಿದ್ದವರೊಂದಿಗೆ ಕೂತು ನಿಯಮ ಬರೆದ. ಮರುವರ್ಷ ಓಕ್ಲೆಂಡಿನಲ್ಲಿ, ಅವನ ಮನೆಯಲ್ಲಿ ಮೊದಲ ಹಂಚಿಕೆ ನಡೆಯಿತು. ಆತ ಒಂದು ಫುಟ್‌ಬಾಲ್ ತಂಡದ ಪಾಲುದಾರನೂ ಆಗಿದ್ದ. ಆ ತಂಡದ ಹೆಸರು ಕೇಳಿ ನಾನು ಕಾಫಿ ಲೋಟ ಗೋಡೆ ಮೇಲಿಟ್ಟೆ: ಓಕ್ಲೆಂಡ್ ರೇಡರ್ಸ್.

“ಅಲ್ರೀ ಮೇಷ್ಟ್ರೇ, ರೇಡರ್ ಅಂದ್ರೆ ನಮ್ಮವರಲ್ವೇ? ಅಮೆರಿಕದ ಉಸಾಬರಿ ನಮಗ್ಯಾಕೆ? ಶುಕ್ರವಾರ ಪ್ರೊ ಕಬಡ್ಡಿ ಶುರು. ನಾವೇ ಹಂಚ್ಕೊಳ್ಳೋಣ.”

ಹಾಗೆ ನಿಶ್ಚಯವಾಯಿತು. ಮೇಷ್ಟ್ರು, ನಾನು, ನನ್ನ ಮಗ, ಮೇಷ್ಟ್ರ ಸೊಸೆ, ಎದುರು ಮನೆಯ ಲಾರಿ ಓನರು, ಹಾಲಿನ ಬೂತಿನ ಹುಡುಗ, ಹೀಗೆ ಆರು ಜನ. ತಲಾ ಏಳು ಆಟಗಾರರು, ಅದರಲ್ಲಿ ಮೂವರು ರೇಡರ್ ಇರಲೇಬೇಕು. ದುಡ್ಡಿನ ಮಾತಿಲ್ಲ. ಕೊನೆಗೆ ಬಂದವನು ಎಲ್ಲರಿಗೂ ತಟ್ಟೆ ಇಡ್ಲಿ ಕೊಡಿಸಬೇಕು. ದುಡ್ಡು ಬೇಡ ಅಂದದ್ದು ಬೂತಿನ ಹುಡುಗನೇ. ಅವನ ಅನುಭವ ಅವನಿಗೆ, ಬಿಡಿ. ಹಿಂದಿನ ವಾರವಷ್ಟೇ ದಿಲ್ಲಿಯಲ್ಲಿ ದುಡ್ಡಿನ ಆಟ ನಿಷೇಧಿಸುವ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ಅಂಕಿತವೂ ಬಿದ್ದಿತ್ತು, ಆಗಸ್ಟ್ 22ರಂದು. ಡ್ರೀಮ್ ಇಲೆವೆನ್ ದುಡ್ಡಿನ ಸ್ಪರ್ಧೆ ನಿಲ್ಲಿಸಿತು. ಭಾರತ ತಂಡದ ಅಂಗಿಯ ಮೇಲಿದ್ದ ಅದರ ಹೆಸರೂ ಹೋಯಿತು. ನಮ್ಮ ರಾಜ್ಯ 2021ರಲ್ಲೇ ಪೊಲೀಸ್ ಕಾಯ್ದೆ ತಿದ್ದಿ ಇಂಥದೇ ನಿಷೇಧ ತಂದಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದನ್ನು ತಳ್ಳಿಹಾಕಿತ್ತು. ತಟ್ಟೆ ಇಡ್ಲಿ ಪಣ ಯಾವ ಕಲಮಿನಡಿ ಬರುತ್ತೆ ಅಂತ ಲಾರಿ ಓನರು ಕೇಳಿದರು. ಚಟ್ನಿ ಎರಡನೇ ಸಲ ಹಾಕಿಸಿಕೊಂಡರೆ ಮಾತ್ರ ಕೇಸು ಅಂದರು ಮೇಷ್ಟ್ರು.

ಇನ್ನು ರೇಡರ್‌ಗಳ ಪಟ್ಟಿ. ನಾನು ಎಚ್‌ಎಂಟಿ ಶಿಸ್ತಿನಲ್ಲಿ ಒಂದರಿಂದ ಇಪ್ಪತ್ತನಾಲ್ಕರವರೆಗೆ ನಂಬರು ಹಾಕಿದ್ದೆ. ಹಬ್ಬಕ್ಕೆ ತಂದ ತೆಂಗಿನಕಾಯಿ ಅಂಗಳದಲ್ಲಿ ಬಿದ್ದಿತ್ತು. ಮೇಷ್ಟ್ರು ಅದನ್ನೂ ನನ್ನ ಹಾಳೆಯನ್ನೂ ಒಂದೊಂದು ಸಲ ನೋಡಿ ನಕ್ಕರು.

“ಸಂತೇಲಿ ತೆಂಗಿನಕಾಯಿಗೆ ಯಾರಾದ್ರೂ ನಂಬರ್ ಹಾಕ್ತಾರೇನ್ರೀ? ರಾಶಿ ಹಾಕ್ತಾರೆ. ದಪ್ಪದ್ದು ಒಂದು ರಾಶಿ, ಮಧ್ಯದ್ದು ಒಂದು, ಪುಟಾಣಿ ಒಂದು. ದಪ್ಪದ ರಾಶೀಲಿ ಹತ್ತು ಕಾಯಿ ಇರೋವರೆಗೂ ನೀವು ಟೀ ಕುಡ್ಕೊಂಡು ಬರಬಹುದು. ಎರಡೇ ಉಳೀತು ಅಂದಾಗ ಓಡಬೇಕು.”

ಈ ಒಂದು ಮಾತಿಗಾಗಿ ಅವರ ನುಗ್ಗೆ ಎಲೆ ವರ್ಷವಿಡೀ ನನ್ನ ಅಂಗಳದಲ್ಲಿ ಉದುರುವುದನ್ನು ನಾನು ಸಹಿಸಿಕೊಳ್ಳಬಲ್ಲೆ. ಪ್ರೊ ಕಬಡ್ಡಿಯಲ್ಲಿ ಹನ್ನೆರಡು ತಂಡಗಳಿವೆ. ತಂಡಕ್ಕೊಬ್ಬ ಮುಖ್ಯ ರೇಡರ್ ಅಂದರೂ ಹನ್ನೆರಡೇ ಜನ. ನಮಗೆ ಬೇಕಾದವರು ಆರು ಮೂರಲಿ ಹದಿನೆಂಟು. ಅಲ್ಲಿಗೆ ಹನ್ನೆರಡನೆಯವನಿಗೂ ಹದಿಮೂರನೆಯವನಿಗೂ ನಡುವೆ ಇರುವುದು ಒಂದು ನಂಬರಿನ ಅಂತರವಲ್ಲ, ಬಾವಿಯೇ ಇದೆ. ಏಳನೆಯವನು ಯಾರು, ಎಂಟನೆಯವನು ಯಾರು ಅಂತ ನಾನು ನಿದ್ದೆಗೆಟ್ಟದ್ದು ದಂಡ.

“ಸರಿ, ದಪ್ಪದ ರಾಶಿಗೆ ಹಾಕೋದು ಯಾರನ್ನ? ಹೋದ ಸಲದ ಪಾಯಿಂಟ್ ನೋಡಿ ತಾನೆ?”

“ಪಾಯಿಂಟ್ ಆಮೇಲೆ. ಮೊದಲು ಸರದಿ ಎಣಿಸಿ.”

ಕಬಡ್ಡಿ ನಲವತ್ತು ನಿಮಿಷದ ಆಟ, ಒಂದು ರೇಡಿಗೆ ಮೂವತ್ತು ಸೆಕೆಂಡು. ಎರಡೂ ತಂಡ ಸೇರಿ ಎಂಬತ್ತರ ಆಸುಪಾಸು, ಒಂದು ತಂಡಕ್ಕೆ ನಲವತ್ತು. ಆ ನಲವತ್ತರಲ್ಲಿ ಯಾರನ್ನು ಎಷ್ಟು ಸಲ ಕಳಿಸುತ್ತಾರೆ ಅನ್ನುವುದೇ ಮುಖ್ಯ. ಎಂಥ ಗಂಡೆದೆಯವನಾದರೂ ಆರು ಸಲ ಹೋಗಿ ಹತ್ತು ಪಾಯಿಂಟು ತರುವುದು ಕಷ್ಟ. ಸಾಧಾರಣದವನೂ ಹದಿನೆಂಟು ಸಲ ಹೋದರೆ ಬೋನಸ್ ಗೆರೆ ತುಳಿದಾದರೂ ಏನೋ ತಂದೇ ತರುತ್ತಾನೆ. ಎರಡು ಖಾಲಿ ರೇಡ್ ಆಗಿ ಮೂರನೆಯದು ‘ಮಾಡು ಇಲ್ಲವೇ ಮಡಿ’ ಆದಾಗ ನಾಯಕ ಯಾರ ಬೆನ್ನು ತಟ್ಟುತ್ತಾನೆ ನೋಡಿ ಅನ್ನುತ್ತಾರೆ ಮೇಷ್ಟ್ರು. ಅವನು ದಪ್ಪದ ರಾಶಿ.

ವೈಡ್ ರಿಸೀವರ್ ಲೆಕ್ಕವೂ ಅದೇ ತಾನೆ? ಎಷ್ಟು ಹಿಡಿದ ಅನ್ನುವುದಕ್ಕೆ ಮೊದಲು, ಎಷ್ಟು ಸಲ ಅವನ ಕಡೆ ಎಸೆದರು ಅಂತ ಕೇಳಬೇಕು. ಲಗ್ನಪತ್ರಿಕೆಯ ಮೂಲೆಯಲ್ಲಿ ಪುಕಾ ನಕುವಾ ಅಂತೊಂದು ಹೆಸರಿತ್ತು. ತಂಡಗಳು ಹೊಸಬರನ್ನು ಆರಿಸಿಕೊಳ್ಳುವ 2023ರ ಡ್ರಾಫ್ಟಿನಲ್ಲಿ ಅವನ ನಂಬರು 177. ತಂಡದ ಹಿರಿಯ ರಿಸೀವರ್ ಕೂಪರ್ ಕಪ್ ಗಾಯಾಳಾಗಿ ಕೂತಿದ್ದ, ಚೆಂಡೆಲ್ಲ ಈ ಹುಡುಗನ ಕಡೆ ಬಂತು. ವರ್ಷ ಮುಗಿಯುವಾಗ 105 ಹಿಡಿತ, 1,486 ಗಜ, ಹೊಸಬರ ದಾಖಲೆ. ಪ್ರತಿಭೆ ಮೊದಲೂ ಇದ್ದಿರಬೇಕು. ಸರದಿ ಬಂದದ್ದು ಆಗ.

ಗಣೇಶನ ಹಬ್ಬದ ಮಾರನೆಯ ದಿನ ಸಂಜೆ ಹಂಚಿಕೆಗೆ ಕೂತೆವು. ನಾವು ಹುಡುಗರಾಗಿದ್ದಾಗ ಇಬ್ಬಿಬ್ಬರು ಹೆಗಲ ಮೇಲೆ ಕೈ ಹಾಕಿಕೊಂಡು ಮರೆಗೆ ಹೋಗಿ ಗುಟ್ಟಿನ ಹೆಸರಿಟ್ಟುಕೊಂಡು ಬರುತ್ತಿದ್ದೆವು: “ಸೂರ್ಯ ಬೇಕಾ, ಚಂದ್ರ ಬೇಕಾ?” ನಾಯಕ ಚಂದ್ರ ಅಂದರೆ ಚಂದ್ರ ಅವನ ಕಡೆ. ಈಗಿನದು ಬೇರೆ. ಚೀಟಿ ಎತ್ತಬೇಕು, ಒಂದರಿಂದ ಆರರವರೆಗೆ ಹೋಗಿ ಆರರಿಂದ ಹಿಂದಕ್ಕೆ ಬರಬೇಕು. ನೇಗಿಲು ಹೊಡೆದ ಹಾಗೆ ಅಂದರು ಲಾರಿ ಓನರು. ಅವರಿಗಿನ್ನೂ ನಾಲ್ಕು ಎಕರೆ ರಾಗಿ ಹೊಲ ಇದೆ.

ಮೊದಲ ಚೀಟಿ ನನಗೇ ಬಂತು. ನಾನು ಪವನ್ ಸೆಹ್ರಾವತ್ ಅಂದೆ.

ಮೇಷ್ಟ್ರು ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ನನ್ನ ಕಷ್ಟ ನಿಮಗೂ ಗೊತ್ತಿರಬಹುದು. 2019ರ ಜನವರಿ 5ರ ರಾತ್ರಿ ಮುಂಬೈ ಫೈನಲ್ಲಿನಲ್ಲಿ ಆ ಹುಡುಗ ಒಬ್ಬನೇ 22 ಪಾಯಿಂಟು ತಂದು, ಬೆಂಗಳೂರು ಬುಲ್ಸ್ 38-33ರಲ್ಲಿ ಗುಜರಾತನ್ನು ಸೋಲಿಸಿ ಕಪ್ ಗೆದ್ದಿತು. ಅದನ್ನು ನೋಡಿದವನ ಕೈ ಬೇರೆ ಹೆಸರು ಬರೆಯುವುದಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಹರಿಯಾಣದ ಮೇಲೆ ಒಂದೇ ಪಂದ್ಯದಲ್ಲಿ 39 ರೇಡ್ ಪಾಯಿಂಟು. ನನ್ನ ಪಾಲಿಗೆ ಅವನು ಕಾಯಿಯಲ್ಲ, ಕಳಶ.

“ಎಚ್‌ಎಂಟಿ, 2022 ಮರೆತ್ರಾ?” ಅಂದರು ಮೇಷ್ಟ್ರು. ಮರೆಯುವುದುಂಟೆ? ತಮಿಳ್ ತಲೈವಾಸ್ 2.26 ಕೋಟಿ ಕೊಟ್ಟು ಕೊಂಡ ವರ್ಷ. ಮೇಷ್ಟ್ರು ಬಸ್ಸು ಹತ್ತಿ ಕಂಠೀರವಕ್ಕೆ ಹೋಗಿದ್ದರು, ಅವನನ್ನೇ ನೋಡಲಿಕ್ಕೆ. ಮೊದಲ ಪಂದ್ಯದಲ್ಲೇ ಎದುರಾಳಿಯನ್ನು ಹಿಡಿಯಲು ಹೋದವನ ಮೊಣಕಾಲು ಕೈಕೊಟ್ಟಿತು. ಇಡೀ ಸೀಸನ್ ಹೋಯಿತು. “ಈಗ ಅದೇ ತಂಡದಲ್ಲಿ ಅರ್ಜುನ್ ದೇಶ್ವಾಲೂ ಇದಾನೆ. ಒಂದೇ ಮನೇಲಿ ಇಬ್ಬರು ಯಜಮಾನರು. ನಲವತ್ತು ರೇಡು ಹಂಚಿಹೋಗುತ್ತೆ ಕಣ್ರೀ.” ನಾನು ಗಡಿಯಾರ ನೋಡಿದೆ. ಅದು ಸರಿಯಾಗಿ ನಡೆಯುತ್ತಿತ್ತು.

ದೇವಾಂಕ್ ದಲಾಲ್‌ನನ್ನು ನನ್ನ ಮಗ ಎತ್ತಿಕೊಂಡ. ಹಿಂದಿನ ಸೀಸನ್ನಿನಲ್ಲಿ ಪಟ್ನಾ ಪರವಾಗಿ 301 ರೇಡ್ ಪಾಯಿಂಟು ತಂದವನು, ಈಗ ಎರಡು ಕೋಟಿ ದಾಟಿ ಬಂಗಾಳಕ್ಕೆ ಹೋಗಿದ್ದ. ಮೇಷ್ಟ್ರು ಅವನತ್ತ ಕಣ್ಣೂ ಹಾಯಿಸಲಿಲ್ಲ. ಅವರು ಕೇಳಿದ್ದು ಬೇರೆ ಪ್ರಶ್ನೆ: ದೇವಾಂಕ್ ಬಿಟ್ಟುಹೋದ ಆ ರೇಡುಗಳೆಲ್ಲ ಪಟ್ನಾದಲ್ಲಿ ಈಗ ಯಾರ ಪಾಲು? ಎರಡನೇ ಸುತ್ತಿನಲ್ಲಿ ಅಯಾನ್ ಲೋಹಚಬ್ ಅಂದರು. ಯಾರೂ ತಕರಾರು ಮಾಡಲಿಲ್ಲ. ಮಾಡಬೇಕಾಗಿತ್ತು.

ನಮ್ಮ ಬುಲ್ಸ್‌ನಿಂದ ಯಾರನ್ನೂ ತೆಗೆದುಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ. ಹಿಂದಿನ ಸಲ 22 ಪಂದ್ಯದಲ್ಲಿ ಎರಡೇ ಗೆದ್ದು ಕೊನೆಯ ಸ್ಥಾನ. 70 ಲಕ್ಷಕ್ಕೆ ಕರೆತಂದ ಪರ್ದೀಪ್ ನರ್ವಾಲ್‌ನಂಥ ಡುಬ್ಕಿ ಸರದಾರನೂ ಎತ್ತಲಾಗಲಿಲ್ಲ. ಈ ಸಲ ನಮ್ಮವರೇ ಆದ ಬಿ.ಸಿ. ರಮೇಶ್ ಕೋಚು. ಬಂಗಾಳಕ್ಕೂ ಪುಣೆಗೂ ಕಪ್ ಕೊಡಿಸಿದವರು. ಆದರೂ ನಾವು ಗಂಡಸರು ಐವರೂ ತಲೆ ತಗ್ಗಿಸಿದೆವು. ಕೊನೆಯ ಸುತ್ತಿನಲ್ಲಿ ಮೇಷ್ಟ್ರ ಸೊಸೆ, ಹಬ್ಬದ ಕೋಡುಬಳೆ ತಟ್ಟೆ ಇಡುತ್ತಾ, “ಬುಲ್ಸ್‌ನ ಆ ಇರಾನಿ ಹುಡುಗ, ಅಲಿರೆಜಾ ಮಿರ್ಜಾಯಿಯನ್” ಅಂದಳು.

“ಯಾಕಮ್ಮಾ ಅವನು?”

“2018ರ ಏಷ್ಯನ್ ಗೇಮ್ಸ್ ಸೆಮಿಫೈನಲ್ಲಲ್ಲಿ ಇರಾನಿನವರು ನಮ್ಮನ್ನ ಹೇಗೆ ಮಲಗಿಸಿದ್ರು ನೋಡಿದೀನಿ ಮಾವ. ಅವತ್ತಿಂದ ಅವರನ್ನ ಎದುರು ಹಾಕ್ಕೊಳ್ಳಲ್ಲ.”

ಫಲಿತಾಂಶ ಹೇಳಿಬಿಡುತ್ತೇನೆ, ಎಳೆಯುವುದಿಲ್ಲ. ನನ್ನ ಪವನ್ ಕೆಲವೇ ಪಂದ್ಯ ಆಡಿ ಸೆಪ್ಟೆಂಬರಿನಲ್ಲೇ ತಂಡದಿಂದ ಹೊರಗೆ ಹೋದ. ಅಯಾನ್ ಮುನ್ನೂರು ದಾಟಿಸಿ ಲೀಗಿನ ಅತಿ ಹೆಚ್ಚು ರೇಡ್ ಪಾಯಿಂಟಿನವನಾದ. ಕೊನೆಯ ಸುತ್ತಿನ ಮಿರ್ಜಾಯಿಯನ್ ರೇಡಿಗೂ ಸೈ, ಹಿಡಿತಕ್ಕೂ ಸೈ ಅನಿಸಿಕೊಂಡ; ಬುಲ್ಸ್ ಪ್ಲೇಆಫ್‌ಗೆ ಹೋಯಿತು. ಕಪ್ ದಬಂಗ್ ದಿಲ್ಲಿಗೆ. ನಮ್ಮ ಬೀದಿಯಲ್ಲಿ ಮೇಷ್ಟ್ರು ಮೊದಲು, ಸೊಸೆ ಎರಡನೆಯವಳು. ಎರಡೂ ಸ್ಥಾನ ಒಂದೇ ಮನೆಗೆ ಹೋದದ್ದಕ್ಕೆ ಲಾರಿ ಓನರಿಗೆ ಇವತ್ತಿಗೂ ಅಸಮಾಧಾನ.

ಡಲ್ಲಾಸಿನ ಮೊಮ್ಮಗನಿಗೆ ರಾಶಿಯ ಸಿದ್ಧಾಂತವನ್ನು ಮೇಷ್ಟ್ರು ಮುಕ್ಕಾಲು ಗಂಟೆ ಫೋನಿನಲ್ಲಿ ವಿವರಿಸಿದ್ದರು. ಅವನು ಎಲ್ಲ ಕೇಳಿಸಿಕೊಂಡು, ಡಲ್ಲಾಸಿನಲ್ಲಿದ್ದು ಡಲ್ಲಾಸಿನವನನ್ನು ಬಿಡೋದು ಹೇಗೆ ತಾತ ಅಂತ ಮೊದಲಿಗೆ ಕೌಬಾಯ್ಸ್ ತಂಡದ ಸೀಡಿ ಲ್ಯಾಂಬ್‌ನನ್ನೇ ತೆಗೆದುಕೊಂಡನಂತೆ. “ಇವನು ನಿಮ್ಮ ಮೊಮ್ಮಗನಾಗಬೇಕಿತ್ತು, ಎಚ್‌ಎಂಟಿ” ಅಂದರು ಮೇಷ್ಟ್ರು.

ತಟ್ಟೆ ಇಡ್ಲಿಯ ಬಿಲ್ಲು ಕೊಟ್ಟವನು ನಾನು. ಲಾರಿ ಓನರು ಮೂರು ಸಲ ಚಟ್ನಿ ಹಾಕಿಸಿಕೊಂಡರು. ಮುಂದಿನ ಸೀಸನ್ನಿಗೆ ಆರನ್ನು ಎಂಟು ಮಾಡುವ ಮಾತಿದೆ, ಎರಡು ಜಾಗ ಖಾಲಿ. ನೆಲಮಂಗಲದ ಕಡೆಯವರು ಯಾರಾದರೂ ಇದ್ದರೆ ಬೆಳಗ್ಗೆ ಆರೂವರೆಗೆ ನುಗ್ಗೆಮರದ ಹತ್ತಿರ ಬಂದು ಕೂಗಿ. ಪವನ್ ಮಾತ್ರ ನನಗೇ ಬಿಡಬೇಕು.