ತೆಗ್ಗಿನ ಮಗ್ಗಕ್ಕ ಗಾಜಿನ ಮುಚ್ಚಳ

ಅಮೀನಗಡದ ಹಳೇ ಓಣಿ. ಪುಣೆಯಿಂದ ಬಂದ ತಮ್ಮನ ಮಗ, ಮಗ್ಗದ ಮುಂದೆ ಕಾಕಾ.

— ಕಾಕಾ, ಈ ಮನಿ ಹೋಂಸ್ಟೇ ಮಾಡೂಣ್ರಿ. ಐಹೊಳಿ ನೋಡಾಕ ಬಂದವ್ರು ಇಲ್ಲೇ ವಸ್ತಿ ಇರ್ತಾರ.

— ನಾವೆಲ್ಲಿ ವಸ್ತಿ ಇರೂದೋ ತಮ್ಮಾ?

— ಹೈವೇ ಬಾಜೂಕ, ಒಂದ್ ಬೆಡ್‌ರೂಮು.

— ಕಾಕಿ, ಮಗ, ಸೊಸಿ, ಎರಡು ಟಗರು?

— ಟಗರು ಸಂತಿಗಿ.

— ಮಗ್ಗ?

— ತೆಗ್ಗಿನ ಮ್ಯಾಲೆ ಗಾಜು, ಒಳಗ ಲೈಟು! ಪಟ್ಟದಕಲ್ಲಿಗೆ 1987ರಾಗ ಯುನೆಸ್ಕೋ ಪಟ್ಟ ಸಿಕ್ಕೈತಿ. ನಮ್ಮ ಓಣಿಗೇನ್ ಕಮ್ಮಿ?

ಕಾಕಾ ತೆಗ್ಗಿನಲ್ಲಿ ಕಾಲು ಇಳಿಬಿಟ್ಟ. ಇಳಕಲ್ ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆಗೆ ಎಳೆ ಕೂಡಿಸುವ ಕೊಂಡಿ ಅರ್ಧಕ್ಕೇ ನಿಂತಿತ್ತು. (ಕೊಂಡಿಗೆ ಕೈ ಹೆಚ್ಚು ಬೇಕು, ಕೈಯೆಲ್ಲ ಪುಣೆಗೆ ಹೋಗಿವೆ.)

— ನಾಷ್ಟಾಕ್ಕ ಏನ್ ಕೊಡ್ತಿ?

— ಕರದಂಟು. ಹೆಸರು ‘ಎನರ್ಜಿ ಬಾರ್’.

— ಅಂಟು, ಬೆಲ್ಲ, ಒಣಕೊಬ್ರಿ ಕೂಡಿ ಬಾರ್ ಆತು! ನನಗೇನು ಕೆಲಸ?

— ರುಂಬಾಲ ಸುತ್ಕೊಂಡು ಲಾಳಿ ಒಗಿಯೂ ಹಂಗ ಕುಂದರ್ರಿ. ದಿನಕ್ಕ ಎರಡು ತಾಸು.

— ನೂಲು?

— ನೂಲ್ಯಾಕ್ರಿ? ಫೋಟೋಕ್ಕ ಅಷ್ಟ ಸಾಕು.

ಅಡಗಿ ಮನಿಯಿಂದ ಕಾಕಿಯ ದನಿ: “ಹಂಗಾರ ರೊಟ್ಟಿನೂ ಫೋಟೋಕ್ಕಷ್ಟ ಬಡೀತೀನಂತ ಹೇಳ್ರಿ ಅವಂಗ, ಆವಾಗಿಂದ ಹಸಿವು ಅನ್ನಾಕತ್ತಾನ!”