ನಮ್ಮ ಮಾಲಕರು

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಮನೆಯನ್ನು ಬಾಡಿಗೆಗೆ ಕೊಡುವ ಗೃಹಸ್ಥರೆಲ್ಲರೂ ಒಂದೇ ಅಚ್ಚಿನವರೆಂದರೆ ಅದು ಅನ್ಯಾಯದ ಮಾತಾದೀತು, ಆದರೂ ಅಲ್ಲಿಯ ಓಣಿಗಳಲ್ಲಿ ಖೋಲಿ ಹಿಡಿದು ಸಂಸಾರ ಹೂಡಿದ ಯಾರನ್ನಾದರೂ ನಿಲ್ಲಿಸಿ, ಶುಭ್ರವಾದ ಧೋತರ, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು, ದವಡೆಯಲ್ಲಿ ಅಡಿಕೆ, ಯಾವ ದೂರಿಗೂ ಇಲ್ಲವೆನ್ನದ ಮಂದಸ್ಮಿತ, ಇಷ್ಟನ್ನು ವರ್ಣಿಸಿದಿರಾದರೆ, ನಿಮ್ಮ ವಾಕ್ಯ ಮುಗಿಯುವ ಮುನ್ನವೇ ಅವರು “ನಮ್ಮ ಮಾಲಕರ ಸುದ್ದಿ ಏನ್ರೀ?” ಎಂದು ಕೇಳದೆ ಇರಲಾರರು.

ಮಾಲಕರ ಮನೆಯು ಮೂಲತಃ ಒಂದೇ ಮನೆ. ಅವರ ಅಜ್ಜನ ಕಾಲದಲ್ಲಿ ಅಲ್ಲಿ ಒಂದು ಅವಿಭಕ್ತ ಕುಟುಂಬವೂ ಒಂದು ಜೋಡಿ ಎಮ್ಮೆಗಳೂ ಪರಸ್ಪರ ಸೌಹಾರ್ದದಿಂದ ವಾಸಿಸುತ್ತಿದ್ದುವಂತೆ. ಎಮ್ಮೆಗಳು ಕಾಲವಶವಾದ ಮೇಲೆ ಗ್ವಾದಲಿಯಿದ್ದ ಜಾಗವು ‘ಫ್ರಂಟ್ ರೂಮ್’ ಎಂಬ ಅಭಿಧಾನವನ್ನು ಪಡೆಯಿತು. ಜೋಳ ತುಂಬುತ್ತಿದ್ದ ಹಗೇವನ್ನು ಮುಚ್ಚಿ ಅದರ ಮೇಲೊಂದು ಅಡಿಗೆಮನೆ ಎದ್ದಿತು. ಪಡಸಾಲೆಯ ನಡುವೆ ತಗಡಿನ ಅಡ್ಡಗೋಡೆ ನಿಂತು ಎರಡು ಸಂಸಾರಗಳನ್ನು ಕಣ್ಣಿಗೆ ಮರೆಮಾಡಿ ಕಿವಿಗೆ ಒಂದುಮಾಡಿತು. ಅಟ್ಟಕ್ಕೆ ಏಣಿ ಹಚ್ಚಿದೊಡನೆ ಅದು ಅವಿವಾಹಿತ ನೌಕರರ ನಿವಾಸವಾಯಿತು. ಹೀಗೆ ಹೊರಗಡೆ ಒಂದಂಗುಲವೂ ಬೆಳೆಯದೆ ಒಂದು ಮನೆಯು ಐದು ಮನೆಯಾದದ್ದನ್ನು ಕಂಡಾಗ, ವಸತಿ ಸಮಸ್ಯೆಯ ಕುರಿತು ಪರಿಷತ್ತುಗಳನ್ನು ನಡೆಸುವ ವಿದ್ವಾಂಸರು ಒಮ್ಮೆ ಕಮರಿಪೇಟೆಗೆ ಬಂದು ಹೋಗಬಾರದೇ ಎನ್ನಿಸುವುದು.

ಖೋಲಿ ತೋರಿಸುವಾಗ ಮಾಲಕರ ಭೂಗೋಳಜ್ಞಾನವು ವಿಶೇಷವಾಗಿ ಪ್ರಕಾಶಿಸುತ್ತದೆ. “ದುರ್ಗದಬೈಲು ನಾಕ ಹೆಜ್ಜಿ, ಸ್ಟೇಶನ್ ನಾಕ ಹೆಜ್ಜಿ, ಸಿದ್ಧಾರೂಢ ಮಠಾನೂ ನಾಕ ಹೆಜ್ಜಿ.” ಇಷ್ಟೆಲ್ಲ ಸಮೀಪವಿರುವ ಈ ಪ್ರಪಂಚದಲ್ಲಿ ದೂರವಾದದ್ದು ಒಂದೇ, ಶೌಚಾಲಯ, ಅದು ಹಿತ್ತಲ ಆಚೆಯ ಮೂಲೆಯಲ್ಲಿದ್ದು ಐದೂ ಮನೆಗಳಿಗೆ ಸಾಮಾನ್ಯವಾಗಿದೆ. ಕರಾರುಪತ್ರವು ಹನ್ನೊಂದು ತಿಂಗಳಿನದು. ವರುಷದ ಗಡಿಯನ್ನು ದಾಟಿದರೆ ನೋಂದಣಿಯ ಕಚೇರಿಯ ಮೆಟ್ಟಿಲು ಹತ್ತಬೇಕಾಗುವುದೆಂಬ ಕಾರಣದಿಂದ ಹುಟ್ಟಿದ ಈ ಹನ್ನೊಂದು ತಿಂಗಳ ಸಂವತ್ಸರವು ಪಂಚಾಂಗದವರಿಗೆ ತಿಳಿಯದಿದ್ದರೂ, ಬಾಡಿಗೆದಾರರೆಲ್ಲರೂ ಅದರ ಯುಗಾದಿಯನ್ನು ನೂರಕ್ಕೆ ಹತ್ತರ ಏರಿಕೆಯೊಡನೆ ಆಚರಿಸಿಯೇ ಇರುವರು.

ಆದರೆ ಮಾಲಕರ ನಿಜವಾದ ಪ್ರತಿಭೆಯನ್ನು ಕಾಣಬೇಕಾದರೆ ರಿಪೇರಿಯ ಪ್ರಸ್ತಾಪವನ್ನೆತ್ತಬೇಕು. ಆಗುವುದಿಲ್ಲವೆಂಬ ಕಠೋರ ವಚನವನ್ನು ಅವರ ಬಾಯಿಂದ ಕೇಳಿದವರಿಲ್ಲ. “ಮಾಡೂಣಂತ ತಗೋರಿ” ಎಂಬುದೇ ಸದಾಕಾಲದ ಉತ್ತರ. ಸುಣ್ಣ ಬಳಿಸುವ ಮಾತನ್ನು ಸಂಕ್ರಾಂತಿಯ ಸುಮಾರಿಗೆ ತೆಗೆದರೆ, ಹೋಳಿಹುಣ್ಣಿವೆ ಬಂತಲ್ಲ, ಹುಬ್ಬಳ್ಳಿಯ ರಂಗಪಂಚಮಿಯೆಂದರೆ ಸಾಮಾನ್ಯವೇ, ಹುಣ್ಣಿವೆಯಾದ ಐದನೆಯ ದಿವಸ ಪೀಪಾಯಿಗಟ್ಟಲೆ ಬಣ್ಣ ಕಲಸಿಕೊಂಡು ಹೊರಡುವ ಹುಡುಗರ ಕಣ್ಣಿಗೆ ಬಿಳಿಯ ಗೋಡೆ ಬಿದ್ದರೆ ಉಳಿದೀತೇ ಎನ್ನುವರು; ರಂಗಪಂಚಮಿ ಮುಗಿದ ಮೇಲೆ ತೆಗೆದರೆ, ಈ ಬಿಸಿಲಿಗೆ ಸುಣ್ಣ ಹಿಡಿಯದು ಎನ್ನುವರು; ಮಿರಗದ ಮಳೆ ಬಿದ್ದ ಮೇಲೆ ಗೋಡೆ ಹಸಿ; ಗಣಪತಿಯ ಹಬ್ಬಕ್ಕೆ ಆಳುಗಳೆಲ್ಲ ಮಂಟಪ ಕಟ್ಟಲು ಹೋಗಿರುವರು; ನವರಾತ್ರಿಯಲ್ಲಿ ಘಟ ಕೂಡಿಸಿದ ಮನೆಯ ಸಾಮಾನು ಅಲುಗಿಸಬಾರದು; ದೀಪಾವಳಿಗೆ ಊರಿಗೆ ಊರೇ ಸುಣ್ಣ ಹಚ್ಚುವುದರಿಂದ ಕೂಲಿ ತುಟ್ಟಿ; ಅದು ಇಳಿಯಲಿ ಎಂದು ಕಾಯುವಷ್ಟರಲ್ಲಿ ಸಂಕ್ರಾಂತಿ.

ಗೋಡೆಯ ಬಿರುಕಿನ ವಿಷಯದಲ್ಲಂತೂ ಅವರಿಗೆ ಪ್ರಕೃತಿಯೇ ಪಕ್ಷಪಾತಿ. ಬುನಾದಿಯ ಕೆಳಗಿನದು ಎರೆಮಣ್ಣು. ಅದು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವುದು, ಬೇಸಗೆಯಲ್ಲಿ ಒಣಗಿ ಕುಗ್ಗುವುದು. ಆದಕಾರಣ ಏಪ್ರಿಲ್ ತಿಂಗಳಲ್ಲಿ ನನ್ನ ಕಿರುಬೆರಳು ಸಲೀಸಾಗಿ ಹೋಗುತ್ತಿದ್ದ ಬಿರುಕು ಆಗಸ್ಟಿಗೆ ಕೂದಲೆಳೆಯಷ್ಟಾಗುತ್ತಿತ್ತು. “ನೋಡ್ರಿ, ತಾನ ಕೂಡೇತಿ! ಆಗ ಗಿಲಾವು ಮಾಡ್ಸಿದ್ರ ರೊಕ್ಕ ನೀರಾಗ ಹೋಗ್ತಿತ್ತಲ್ಲ?” ಎಂದು ಅವರು ಕೇಳಿದಾಗ, ಭೂವಿಜ್ಞಾನದ ಬಲವಿರುವ ಮನುಷ್ಯನೊಡನೆ ವಾದಿಸಿ ಗೆಲ್ಲುವುದು ದುಸ್ಸಾಧ್ಯವೆಂದು ಸುಮ್ಮನಾದೆ.

ಇದು ಕೇವಲ ಕೃಪಣತೆಯೆಂದು ಭಾವಿಸುವವರು ಇತಿಹಾಸವನ್ನು ಅರಿಯದವರು. ಹುಬ್ಬಳ್ಳಿಯು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ, 1947ರ ಬಾಡಿಗೆ ನಿಯಂತ್ರಣ ಕಾಯಿದೆಯು 1940ನೆಯ ಇಸವಿಯ ಸಪ್ಟೆಂಬರ್ 1ರಂದು ಮನೆಗೆ ಯಾವ ಬಾಡಿಗೆಯಿತ್ತೋ ಅದನ್ನೇ ಬಹುಮಟ್ಟಿಗೆ ಪ್ರಮಾಣವೆಂದು ಗೊತ್ತುಪಡಿಸಿತು. ಯುದ್ಧದ ದೆಸೆಯಿಂದ ಸುಣ್ಣ, ತೊಲೆ, ಹಂಚು, ಗೌಂಡಿಯ ಕೂಲಿ ಎಲ್ಲವೂ ಏರಿದುವು. ಬಾಡಿಗೆಯು ಮಾತ್ರ ನಿಂತಲ್ಲಿಯೇ ನಿಂತಿತು. ಆಗ ಮಾಲಕರ ಅಜ್ಜನವರು ಕೋಪದಿಂದ ಗೌಂಡಿಯನ್ನು ಕರೆಯುವುದನ್ನೇ ಬಿಟ್ಟರಂತೆ. ಮನೆಯನ್ನು ಸುಸ್ಥಿತಿಯಲ್ಲಿಡುವುದು ಮಾಲಕನ ಹೊಣೆಯೆಂದು ಅದೇ ಕಾಯಿದೆಯು ಹೇಳಿತ್ತಾದರೂ, ಆ ಕಲಮನ್ನು ಓದುವ ವೇಳೆಗೆ ಅವರ ಚಾಳೀಸು ಎಲ್ಲೋ ಕಳೆದುಹೋಗಿತ್ತು. ಅಜ್ಜನವರ ಕೋಪದಲ್ಲಿ ನ್ಯಾಯವಿಲ್ಲದಿರಲಿಲ್ಲ. ಹಾಗೆ ನಿಂತ ಬಾಡಿಗೆಯಿಂದ ಮುಂಬಯಿಯ ಚಾಳುಗಳೇ ಶಿಥಿಲವಾದುವು, ಕಮರಿಪೇಟೆಯ ಪಾಡೇನು? ಮುಂದೆ 1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ಹೊಸ ಕಾಯಿದೆ ಬಂದಿತು. ಅದನ್ನೂ ಬದಿಗೊತ್ತಿ 1999ರ ಕರ್ನಾಟಕ ಬಾಡಿಗೆ ಕಾಯಿದೆಯು 2001ರ ಡಿಸೆಂಬರ್ 31ರಿಂದ ಜಾರಿಗೊಂಡಿತು. ಹೀಗೆ ಸರಕಾರಗಳೂ ಕಾಯಿದೆಗಳೂ ಬದಲಾದರೂ, ಅಜ್ಜನವರ ಸಂಕಟವು ಮಾತ್ರ ಉತಾರದಲ್ಲಿ ಹೆಸರು ದಾಖಲಾದ ದಿನವೇ ಮೊಮ್ಮಗನಿಗೆ ವಾರಸಾಗಿ ಬಂದಿದೆ. ಬಾಡಿಗೆಯನ್ನು ಈ ತಿಂಗಳ ದರದಲ್ಲಿ ಎಣಿಸಿಕೊಂಡು, ನಿಟ್ಟುಸಿರನ್ನು 1940ರ ದರದಲ್ಲಿ ಬಿಡುವ ಈ ದ್ವಿವಿಧ ಲೆಕ್ಕವನ್ನು ನಾನು ಮತ್ತೆಲ್ಲಿಯೂ ಕಂಡಿಲ್ಲ.

ಮಾಳಿಗೆಯು ಮೇಲ್ಮುದ್ದೆಯದು. ಇಂಥ ಮಾಳಿಗೆಗೆ ಪ್ರತಿವರ್ಷವೂ ಮಳೆಗೆ ಮುಂಚೆ ಹುಲ್ಲು ಕಿತ್ತು, ಹೊಸ ಮಣ್ಣು ಹರಡಿ, ತುಳಿಸಿ ಗಟ್ಟಿಮಾಡಬೇಕೆಂಬುದು ಬಯಲುಸೀಮೆಯ ಹುಡುಗರಿಗೂ ಗೊತ್ತು. ನಮ್ಮ ಮಾಲಕರ ಮಾಳಿಗೆಯ ಮೇಲೆ ಶ್ರಾವಣದಲ್ಲಿ ಕರು ಮೇಯಿಸಬಹುದಾಗಿತ್ತು. ಒಂದು ಸಂಜೆ ಜಡಿಮಳೆಯಲ್ಲಿ ನನ್ನ ಮೊರೆಯನ್ನು ಕೇಳಿ ಸ್ವತಃ ದಯಮಾಡಿಸಿದ ಅವರು, ಒಳಗೆ ಬಂದೊಡನೆ ಕೊಡೆಯನ್ನು ಮಡಿಸಹೋಗಿ, ಛತ್ತನ್ನೊಮ್ಮೆ ನೋಡಿ, ಪುನಃ ಬಿಚ್ಚಿಕೊಂಡರು. ಕೊಡೆಯ ಕೆಳಗೆಯೇ ಕುಳಿತು ಚಹಾ ಸೇವಿಸಿದರು. ಹನಿಗಳು ಬೀಳುವ ಕ್ರಮವನ್ನು ತದೇಕಚಿತ್ತದಿಂದ ಪರಿಶೀಲಿಸಿದರು. ಪಾತೇಲಿಯನ್ನು ತಮ್ಮ ಹಸ್ತದಿಂದಲೇ ಎರಡು ಬೆರಳಿನಷ್ಟು ಎಡಕ್ಕೆ ಸರಿಸಿ, “ಇದು ಈ ವರ್ಷದ ನೀರಲ್ರೀ, ಹಿಂದಿನ ವರ್ಷದ್ದು ಕುಂತಿತ್ತು, ಈಗ ಇಳ್ಯಾಕತ್ತೇತಿ” ಎಂದು ತೀರ್ಪಿತ್ತರು. ಅವರು ಹೋದ ಮೇಲೆ ನೋಡಿದರೆ ಹನಿಗಳು ನೆಟ್ಟಗೆ ಪಾತೇಲಿಯೊಳಗೇ ಬೀಳುತ್ತಿದ್ದುವೆಂಬುದನ್ನು ಒಪ್ಪಿಕೊಳ್ಳಬೇಕು.

ಹೀಗಿರಲು ಒಂದು ಬೇಸಗೆಯಲ್ಲಿ ಗೌಂಡಿಗಳು ನಿಜವಾಗಿಯೂ ಬಂದರು. ಮಾಳಿಗೆಯ ಮಣ್ಣನ್ನು ತೆಗೆಯಿಸಿ, ಸ್ಲ್ಯಾಬ್ ಹಾಕಿಸಿ, ಅದರ ಮೇಲೆ ಎರಡು ಹೊಸ ಖೋಲಿಗಳನ್ನೂ ಒಂದು ಬಚ್ಚಲನ್ನೂ ಮಾಲಕರು ಎಬ್ಬಿಸಿದರು. ಸೋರುವುದು ನಿಂತಿತೆಂಬ ಕಾರಣಕ್ಕೆ ನನ್ನ ಬಾಡಿಗೆ ಒಮ್ಮೆ ಏರಿತು. ಮೇಲೊಂದು ಮನೆ ಬಂದುದರಿಂದ ನನಗೆ ಬಿಸಿಲಿನ ಬಾಧೆ ತಪ್ಪಿತೆಂಬ ಕಾರಣಕ್ಕೆ ಇನ್ನೊಮ್ಮೆ ಏರಿತು. ಬಚ್ಚಲು ನಮ್ಮ ಅಡಿಗೆಮನೆಯ ನೆತ್ತಿಯ ಮೇಲಿತ್ತು. ನಲ್ಲಿಯ ನೀರು ಎಂಟು ದಿನಕ್ಕೊಮ್ಮೆ ಬರುತ್ತಿದ್ದ ಕಾಲವದು. 2008ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಊರಿನ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಹರಿಯತೊಡಗಿದ ಸುದ್ದಿಯನ್ನು ಕೇಳಿ, ಹಗಲಿರುಳೂ ನೀರು ಹರಿದರೆ ಪೈಪುಗಳ ಗತಿಯೇನೆಂದು ಮಾಲಕರು ಮರುಗಿದ್ದುಂಟು. ನಮ್ಮ ಓಣಿಯ ನಲ್ಲಿಯು ಹಳೆಯ ವ್ರತವನ್ನೇ ಪಾಲಿಸುತ್ತಿದ್ದುದರಿಂದ, ಮೇಲಿನವರು ಮಧ್ಯರಾತ್ರಿ ಎದ್ದು ಕೊಡ, ಪೀಪಾಯಿ, ಹಂಡೆಗಳನ್ನೆಲ್ಲ ತುಂಬಿಸತೊಡಗಿದರೆಂಬುದು ನನ್ನ ಒಲೆಯ ಮೇಲೆ ಟಪ್ಪೆಂದು ಬೀಳುವ ಹನಿಯಿಂದಲೇ ತಿಳಿಯುತ್ತಿತ್ತು. ನೀರು ಬಂದ ವಾರ್ತೆಗಾಗಿ ನೆರೆಹೊರೆಯವರು ನಮ್ಮ ಅಡಿಗೆಮನೆಯನ್ನೇ ಆಶ್ರಯಿಸುವ ರೂಢಿಯಾಯಿತು.

ಈ ಸಂಗತಿಯನ್ನು ಅರಿಕೆ ಮಾಡಿಕೊಂಡಾಗ ಮಾಲಕರ ಮುಖದಲ್ಲಿ ಹಿಂದೆಂದೂ ಕಾಣದ ಕಳೆ ಮೂಡಿತು. “ಇದು ಮಳೀ ನೀರಲ್ಲಲ್ಲ? ನಲ್ಲೀ ನೀರು, ಮಲಪ್ರಭಾ ನೀರು. ಇದು ನಂದಲ್ರೀ, ಕಾರ್ಪೊರೇಶನ್ನಿಂದು. ಅವ್ರಿಗೆ ಒಂದು ಅರ್ಜಿ ಕೊಡೂಣಂತ” ಎಂದು, ಹನಿ ಬೀಳದ ಕಡೆಗೆ ಕುರ್ಚಿಯನ್ನೆಳೆದುಕೊಂಡು ಕುಳಿತು, ಒಕ್ಕಣೆಯನ್ನು ತಾವೇ ಹೇಳುವುದಾಗಿಯೂ ಕಾಗದ, ಪೆನ್ನು ನಾನು ತರಬೇಕೆಂದೂ ಅಪ್ಪಣೆಕೊಡಿಸಿದರು.